ತೊಟ್ಟಿಯಿಂದ ಎಂಜಿನ್‌ವರೆಗೆ: ಮನೆಯಲ್ಲಿ ಕಟ್ಟಿದ ವಿಮಾನದ ಪೆಟ್ರೋಲ್ ದಾರಿ

ಹಳೆಯ ಸ್ಕೂಟರ್ ಓಡಿಸಿದವರಿಗೆ ‘ರಿಸರ್ವ್’ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಎಂಜಿನ್ ಮುಕ್ಕರಿಸತೊಡಗಿದೊಡನೆ ಬಗ್ಗಿ, ಸೀಟಿನ ಕೆಳಗಿನ ಕಾಕ್ ತಿರುಗಿಸಿದರೆ ಗಾಡಿ ಮತ್ತೆ ಓಡುತ್ತಿತ್ತು. ಕಾಕ್ ಬಿಗಿಯಾಗಿದ್ದರೆ ಬದಿಗೆ ನಿಲ್ಲಿಸಿ ನಿಧಾನವಾಗಿ ತಿರುಗಿಸಿದರೂ ನಷ್ಟವಿರಲಿಲ್ಲ. ಆದರೆ ಆಕಾಶದಲ್ಲಿ ಗಾಡಿ ನಿಲ್ಲಿಸಲು ರಸ್ತೆ ಬದಿ ಎಂಬುದಿಲ್ಲ.

1997ರ ಅಕ್ಟೋಬರ್ 12ರಂದು ಅಮೆರಿಕದ ಜನಪ್ರಿಯ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ವಿಮಾನ ಅಪಘಾತಕ್ಕೆ ಬಲಿಯಾದರು. ಅವರಿಗೆ ಆಗ 53 ವರ್ಷ. ಅವರು ಹಾರಿಸುತ್ತಿದ್ದುದು ಕಾರ್ಖಾನೆಯ ವಿಮಾನವಲ್ಲ. ಹವ್ಯಾಸಿಯೊಬ್ಬರು ನಕ್ಷೆ ನೋಡಿಕೊಂಡು ಕಟ್ಟಿದ ‘ಲಾಂಗ್-ಈಜಿ’. ಡೆನ್ವರ್ ಅದನ್ನು ಆಗಷ್ಟೇ ಕೊಂಡಿದ್ದರು. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಾಯಿಸುವ ವಾಲ್ವನ್ನು ವಿನ್ಯಾಸಕಾರ ಬರ್ಟ್ ರುಟಾನ್ ಪೈಲಟ್‌ನ ಕಾಲುಗಳ ನಡುವೆ ಇರಿಸಿದ್ದರು. ಕಟ್ಟಿದವರು ಅದನ್ನು ಪೈಲಟ್‌ನ ಎಡಭುಜದ ಹಿಂದಕ್ಕೆ ಸಾಗಿಸಿದ್ದರು. ಪೆಟ್ರೋಲ್ ಕೊಳವೆಗಳು ಕೂರುವ ಜಾಗದೊಳಗೆ ಬರಬಾರದೆಂಬುದು ಅವರ ಉದ್ದೇಶವಾಗಿತ್ತು. ಉದ್ದೇಶವೇನೋ ಒಳ್ಳೆಯದೇ. ಆದರೆ ಅದನ್ನು ತಿರುಗಿಸಬೇಕಾದರೆ ಪೈಲಟ್ ಕೈ ಬಿಟ್ಟು, ಮೈ ತಿರುವಿ ಹಿಂದಕ್ಕೆ ಹೊರಳಬೇಕಿತ್ತು. ಹಾಗೆ ಹೊರಳುವಾಗ ಬಲಗಾಲು ತನಗರಿವಿಲ್ಲದಂತೆ ಪೆಡಲನ್ನು ಒತ್ತುವ ಸಂಭವವಿತ್ತು. ಅಂದು ನಡೆದದ್ದು ಅದೇ ಎಂದು 1999ರಲ್ಲಿ ಮುಗಿದ ಸರ್ಕಾರಿ ತನಿಖೆ ತೀರ್ಮಾನಿಸಿತು. ಸಾಕಷ್ಟು ಪೆಟ್ರೋಲ್ ತುಂಬಿಸಿಕೊಳ್ಳದೆ ಹೊರಟದ್ದು ಮತ್ತು ಹೊಸ ವಿಮಾನದಲ್ಲಿ ತಕ್ಕಷ್ಟು ಅಭ್ಯಾಸವಿಲ್ಲದ್ದನ್ನೂ ಅದು ಹೆಸರಿಸಿತು.

ಒಂದು ವಾಲ್ವು ಎಲ್ಲಿರಬೇಕು ಎಂಬ ಪ್ರಶ್ನೆ ಇಷ್ಟು ದೊಡ್ಡದಾದದ್ದು ಹೇಗೆ? ಅದಕ್ಕೆ ವಿಮಾನದ ಹುಟ್ಟಿನಿಂದಲೇ ಆರಂಭಿಸಬೇಕು.

1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿಸಿದ ವಿಮಾನದ ಟ್ಯಾಂಕಿನಲ್ಲಿ ಹಿಡಿಸುತ್ತಿದ್ದುದು ಎರಡು ಲೀಟರಿಗೂ ಕಡಿಮೆ ಪೆಟ್ರೋಲ್. ಟ್ಯಾಂಕನ್ನು ಮೇಲಿನ ರೆಕ್ಕೆಯ ಕೆಳಗೆ ಎತ್ತರದಲ್ಲಿ ಕಟ್ಟಿದ್ದರು. ಮನೆಯ ತಾರಸಿಯ ಮೇಲಿನ ತೊಟ್ಟಿಯಿಂದ ನಲ್ಲಿಗೆ ನೀರು ಇಳಿದಂತೆ ಪೆಟ್ರೋಲ್ ತಾನಾಗಿ ಎಂಜಿನ್ನಿಗೆ ಇಳಿಯುತ್ತಿತ್ತು. ಅಂದಿನ ಅತಿ ದೀರ್ಘ ಹಾರಾಟ 59 ಸೆಕೆಂಡು. ಅಷ್ಟಕ್ಕೆ ಅದು ಧಾರಾಳವಾಗಿ ಸಾಕಿತ್ತು.

ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸ ಬೆಳೆದದ್ದೂ ಈ ಸರಳತೆಯ ಆಸರೆಯಲ್ಲೇ. ಬ್ರೆಜಿಲ್‌ನ ಸ್ಯಾಂಟೋಸ್-ಡ್ಯುಮಾಂಟ್ ತಮ್ಮ ‘ಡೆಮೊಸೆಲ್’ ವಿಮಾನಕ್ಕೆ ಪೇಟೆಂಟ್ ಪಡೆಯಲಿಲ್ಲ. 1910ರಲ್ಲಿ ಅದರ ನಕ್ಷೆ ಅಮೆರಿಕದ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಪತ್ರಿಕೆಯಲ್ಲಿ ಎಲ್ಲರಿಗಾಗಿ ಅಚ್ಚಾಯಿತು. 1929ರಲ್ಲಿ ಮಿನೆಸೋಟದ ಬರ್ನಾರ್ಡ್ ಪೀಟೆನ್‌ಪೋಲ್ ಫೋರ್ಡ್ ಕಾರಿನ ಎಂಜಿನ್ ಕೂರಿಸಿದ ‘ಏರ್ ಕ್ಯಾಂಪರ್’ ಹಾರಿಸಿದರು. ಅದರಲ್ಲೂ ಪೆಟ್ರೋಲ್ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು, ಅಷ್ಟೆ. ಪಂಪ್ ಇಲ್ಲದ ಕಡೆ ಪಂಪ್ ಕೆಡುವ ಭಯವೂ ಇಲ್ಲ.

ಈ ನಂಬಿಕೆಯ ಮಿತಿ ಗೊತ್ತಾದದ್ದು ಯುದ್ಧಕಾಲದಲ್ಲಿ. 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನದ ಎಂಜಿನ್ನಿಗೆ ಕಾರ್ಬ್ಯುರೇಟರ್ ಇತ್ತು. ಪೈಲಟ್ ಥಟ್ಟನೆ ಮೂತಿಯನ್ನು ಕೆಳಗೆ ಒತ್ತಿದರೆ ಅದರೊಳಗಿನ ಪೆಟ್ರೋಲ್ ಮೇಲಕ್ಕೆ ಚಿಮ್ಮಿ ಎಂಜಿನ್ ತಡವರಿಸುತ್ತಿತ್ತು. ಎದುರಾಳಿ ಮೆಸರ್‌ಸ್ಮಿಟ್‌ನ ಎಂಜಿನ್ನಿನಲ್ಲಿ ಪೆಟ್ರೋಲನ್ನು ಒತ್ತಡದಿಂದ ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ‘ಫ್ಯುಯೆಲ್ ಇಂಜೆಕ್ಷನ್’ ಇತ್ತು. ಮೂತಿ ಎತ್ತ ತಿರುಗಿದರೂ ಅದಕ್ಕೆ ಚಿಂತೆಯಿರಲಿಲ್ಲ. ಫಾರ್ನ್‌ಬರೊ ಸಂಶೋಧನಾ ಕೇಂದ್ರದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರ್ 1941ರಲ್ಲಿ ಪೆಟ್ರೋಲಿನ ಹರಿವಿಗೆ ಮಿತಿ ಹಾಕುವ ಚಿಕ್ಕದೊಂದು ಹಿತ್ತಾಳೆ ತುಂಡನ್ನು ರೂಪಿಸಿ ಆ ಕೊರತೆಯನ್ನು ತಕ್ಕಮಟ್ಟಿಗೆ ನೀಗಿದರು. ಆದರೆ ಮುಂದಿನ ದಾರಿ ಇಂಜೆಕ್ಷನ್ನಿನದೇ ಎಂಬುದು ಅಷ್ಟರಲ್ಲಿ ಸ್ಪಷ್ಟವಾಗಿತ್ತು.

ಹವ್ಯಾಸಿಗಳಿಗೂ ಇಂಜೆಕ್ಷನ್ ಮೆಚ್ಚುಗೆಯಾಗಲು ಕಾರಣಗಳಿವೆ. ಪ್ರತಿ ಸಿಲಿಂಡರಿಗೂ ಅಳೆದಂತೆ ಪೆಟ್ರೋಲ್ ಸಿಗುವುದರಿಂದ ಖರ್ಚು ಕಡಿಮೆ. ತಂಪು ಹವೆಯಲ್ಲಿ ಕಾರ್ಬ್ಯುರೇಟರಿನೊಳಗೆ ಮಂಜು ಕಟ್ಟಿ ಎಂಜಿನ್ ನಿಲ್ಲುವ ಅಪಾಯವೂ ಇಲ್ಲ. ಆದರೆ ಇದಕ್ಕೆ ಬೆಲೆಯುಂಟು. ಕಾರಿನ ಮಾದರಿಯ ಎಲೆಕ್ಟ್ರಾನಿಕ್ ಇಂಜೆಕ್ಷನ್ನಿಗೆ ವಾತಾವರಣದ ಒತ್ತಡದ ಸುಮಾರು ಮೂರು ಪಟ್ಟು ಒತ್ತಡ ಬೇಕು. ಎತ್ತರದ ಬಲವೊಂದರಿಂದಲೇ ಅಷ್ಟನ್ನು ಪಡೆಯುವುದಾದರೆ ಟ್ಯಾಂಕನ್ನು ಎಂಜಿನ್ನಿಗಿಂತ ಸುಮಾರು 40 ಮೀಟರ್ ಮೇಲೆ ಇಡಬೇಕಾಗುತ್ತದೆ! ಹಾಗಾಗಿ ಪಂಪ್ ಅನಿವಾರ್ಯ. ಅದು ವಿದ್ಯುತ್ ಪಂಪ್ ಆದರೆ ಬ್ಯಾಟರಿ ಸತ್ತಾಗ ಟ್ಯಾಂಕ್ ತುಂಬಿದ್ದರೂ ಎಂಜಿನ್ ನಿಲ್ಲುತ್ತದೆ.

ಇನ್ನೊಂದು ತೊಡಕು ಶಾಖದ್ದು. ಬೆಟ್ಟದ ಮೇಲೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಒತ್ತಡ ಇಳಿದಂತೆ ದ್ರವ ಬೇಗ ಆವಿಯಾಗುವುದು ಪ್ರಕೃತಿ ನಿಯಮ. ಪಂಪ್ ಕೆಳಗಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುವಾಗ ಕೊಳವೆಯೊಳಗೆ ಒತ್ತಡ ಇಳಿಯುತ್ತದೆ. ಬಿಸಿ ಎಂಜಿನ್ನಿನ ಬಳಿ ಹಾದುಹೋಗುವ ಕೊಳವೆಯಾದರೆ ಪೆಟ್ರೋಲ್ ಅಲ್ಲೇ ಗುಳ್ಳೆಯಾಗಿ, ಪಂಪ್ ಗುಳ್ಳೆಯನ್ನೇ ಹೀರುತ್ತ ಬರಿದೇ ತಿರುಗುತ್ತದೆ. ಆದ್ದರಿಂದ ಪಂಪನ್ನು ಟ್ಯಾಂಕಿಗೆ ಆದಷ್ಟು ಹತ್ತಿರ, ತಗ್ಗಿನಲ್ಲಿ, ತಂಪಾದ ಕಡೆ ಕೂರಿಸಬೇಕು. ಎಳೆಯುವುದಕ್ಕಿಂತ ತಳ್ಳುವುದು ಕ್ಷೇಮ.

ಮೂರನೆಯದು ವಾಪಸು ಬರುವ ಪೆಟ್ರೋಲ್. ಇಂತಹ ಎಷ್ಟೋ ವ್ಯವಸ್ಥೆಗಳಲ್ಲಿ ಪಂಪ್ ಎಂಜಿನ್ನಿಗೆ ಬೇಕಾದುದಕ್ಕಿಂತ ಹೆಚ್ಚು ತಳ್ಳುತ್ತದೆ. ಉಳಿದದ್ದು ಟ್ಯಾಂಕಿಗೆ ಮರಳುತ್ತದೆ. ಎಡ ಟ್ಯಾಂಕಿನಿಂದ ತೆಗೆದದ್ದು ಬಲ ಟ್ಯಾಂಕಿಗೆ ಮರಳಿದರೆ ಅದು ತುಂಬಿ ಹೊರಚೆಲ್ಲುತ್ತದೆ, ಇತ್ತ ಎಡದ್ದು ಲೆಕ್ಕಕ್ಕಿಂತ ಮೊದಲೇ ಬರಿದಾಗುತ್ತದೆ. ಹೀಗಾಗಿ ಹೋಗುವ ದಾರಿ, ಬರುವ ದಾರಿ ಎರಡನ್ನೂ ಒಟ್ಟಿಗೆ ಬದಲಿಸುವ ಜೋಡಿ ವಾಲ್ವು ಬೇಕು.

ಇವೆಲ್ಲ ಸರಿಯಾಗಿವೆಯೆ ಎಂದು ನೋಡಬೇಕಾದವರು ಯಾರು? ಅಮೆರಿಕದ ನಿಯಮದಂತೆ ಹವ್ಯಾಸಿ ವಿಮಾನದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹವ್ಯಾಸಿಗಳೇ ಮಾಡಿರಬೇಕು. ಕಾರ್ಖಾನೆಯ ವಿಮಾನಕ್ಕಿರುವ ವಿನ್ಯಾಸದ ಕಟ್ಟಳೆಗಳು ಅದಕ್ಕೆ ಅನ್ವಯಿಸುವುದಿಲ್ಲ. ‘ಪ್ರಾಯೋಗಿಕ’ ಎಂಬ ಫಲಕವನ್ನು ಮಾತ್ರ ತಗುಲಿಸಿರಬೇಕು. ಈ ಸ್ವಾತಂತ್ರ್ಯದ ಫಲವಾಗಿಯೇ ವ್ಯಾನ್‌ಗ್ರನ್ಸ್‌ವೆನ್ ಅವರ ಆರ್.ವಿ. ಮಾಲಿಕೆಯೊಂದರಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಹವ್ಯಾಸಿಗಳ ಕೈಯಲ್ಲಿ ಸಿದ್ಧವಾಗಿ ಹಾರಿವೆ. ವಾಲ್ವನ್ನು ಭುಜದ ಹಿಂದಕ್ಕೆ ಸಾಗಿಸಲು ಬಿಟ್ಟದ್ದೂ ಇದೇ ಸ್ವಾತಂತ್ರ್ಯ.

ಈ ಕಥೆಯ ಒಂದು ಎಳೆ ಬೆಂಗಳೂರಿಗೂ ಬರುತ್ತದೆ. ಇಲ್ಲಿನ ಎನ್.ಎ.ಎಲ್. ಸಂಸ್ಥೆ 1980ರ ದಶಕದಲ್ಲಿ ರುಟಾನ್ ಅವರ ಲಾಂಗ್-ಈಜಿ ಮಾದರಿಯನ್ನೇ ಆಧರಿಸಿ ಹಗುರ ವಿಮಾನವೊಂದನ್ನು ಕಟ್ಟಿ ಹಾರಿಸಿತ್ತು. ನಾರು-ಅಂಟುಗಳ ಸಂಯುಕ್ತ ವಸ್ತುವಿನಿಂದ ವಿಮಾನ ಕಟ್ಟುವ ಅನುಭವ ಬೆಳೆದು, 1993ರಲ್ಲಿ ತರಬೇತಿ ವಿಮಾನ ‘ಹಂಸ’ ಹಾರಿತು. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ‘ಹಂಸ-ಎನ್‌ಜಿ’ಯಲ್ಲಿರುವುದು ಇಂಜೆಕ್ಷನ್ ಬಗೆಯ ರೋಟಾಕ್ಸ್ ಎಂಜಿನ್. ವಿದೇಶದ ಎಷ್ಟೋ ಹವ್ಯಾಸಿಗಳು ತಮ್ಮ ವಿಮಾನಗಳಿಗೆ ಕೂರಿಸಿಕೊಳ್ಳುವುದೂ ಇದೇ ಮನೆತನದ ಎಂಜಿನ್ನನ್ನೇ. ಅದರಲ್ಲಿ ಪಂಪ್ ಎರಡು, ವಿದ್ಯುತ್ ಜನರೇಟರ್ ಎರಡು, ನಿಯಂತ್ರಕ ಎಲೆಕ್ಟ್ರಾನಿಕ್ಸ್ ಕೂಡ ಜೋಡಿ. ರೈಟ್ ಸಹೋದರರಿಗೆ ಭೂಮಿ ಪುಕ್ಕಟೆಯಾಗಿ ಕೊಟ್ಟಿದ್ದ ಭರವಸೆಯನ್ನು ಇಂದು ಪ್ರತಿಯೊಂದನ್ನೂ ಎರಡೆರಡು ಇಟ್ಟು ಗಳಿಸಬೇಕಾಗಿದೆ.

ಹೊಸ ವಿಮಾನ ಮೊದಲ ಬಾರಿ ಹಾರುವ ಮುನ್ನ ಕಟ್ಟಿದವರು ಮಾಡುವ ಪರೀಕ್ಷೆಯೊಂದಿದೆ. ಮೂತಿಯನ್ನು ಏರುಹಾದಿಯ ಓರೆಗೆ ಎತ್ತಿ ನಿಲ್ಲಿಸಿ, ಎಂಜಿನ್ನಿನ ಬಳಿ ಕೊಳವೆ ಬಿಚ್ಚಿ, ಡಬ್ಬಿಯೊಂದಕ್ಕೆ ಪೆಟ್ರೋಲ್ ಹರಿಸಿ ಗಡಿಯಾರ ಹಿಡಿದು ಅಳೆಯುತ್ತಾರೆ. ಮೇಲೇರುವಾಗ ಎಂಜಿನ್ ಕುಡಿಯುವುದಕ್ಕಿಂತ, ಪಂಪ್ ಇದ್ದರೆ ಕಾಲು ಭಾಗ, ತಾನಾಗಿ ಇಳಿಯುವ ವ್ಯವಸ್ಥೆಯಾದರೆ ಅರ್ಧ ಭಾಗ ಹೆಚ್ಚು ಹರಿಯಬೇಕು. ಎರಡನೆಯ ಪರೀಕ್ಷೆಗೆ ಡಬ್ಬಿಯೂ ಬೇಡ, ಗಡಿಯಾರವೂ ಬೇಡ. ಬೆಲ್ಟ್ ಬಿಗಿದುಕೊಂಡು ಪೈಲಟ್‌ನ ಸೀಟಿನಲ್ಲಿ ಕೂರಬೇಕು, ಕಣ್ಣು ಮುಚ್ಚಬೇಕು, ಹಾರಿಸುವ ಕೈಯನ್ನು ಕದಲಿಸದೆ ಇನ್ನೊಂದು ಕೈಯಿಂದ ವಾಲ್ವು ತಿರುಗಿಸಬೇಕು. ಅದು ತಿರುಗದಿದ್ದರೆ ವಿಮಾನ ಇನ್ನೂ ಶೆಡ್ಡಿನಿಂದ ಹೊರಗೆ ಬರಕೂಡದು.