ಬೇಸಿಗೆಯ ಆಟ, ಬಿಸಿಲಿನ ಲೆಕ್ಕ: ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಆಟಗಾರರಿಗೆ ಮತ್ತು ಸಂಘಟಕರಿಗೆ



ಯುಗಾದಿ ಕಳೆದು ಪರೀಕ್ಷೆಗಳು ಮುಗಿದವೆಂದರೆ ನಮ್ಮ ಕಡೆ ಕ್ರಿಕೆಟ್ ಪಂದ್ಯಾವಳಿಗಳ ಕಾಲ. ಬೆಂಗಳೂರು, ಹೈದರಾಬಾದ್, ಪುಣೆಗಳಲ್ಲಿರುವ ನಮ್ಮ ಮಕ್ಕಳು ರಜೆಗೆ ಊರಿಗೆ ಬರುತ್ತಾರೆ, ಬಂದ ಮರುದಿನವೇ ಬ್ಯಾಟು ಹಿಡಿದು ಬಯಲಿಗೆ ಇಳಿಯುತ್ತಾರೆ. ಪಟ್ಟಣದಲ್ಲಿ ಗಾಲ್ಫ್ ಆಡುವವರೂ ಈಗ ನಮ್ಮವರಲ್ಲಿ ಇದ್ದಾರೆ. ಹದಿನೆಂಟು ಕುಳಿಗಳ ಒಂದು ಸುತ್ತು ಮುಗಿಸಲು ಸುಮಾರು ನಾಲ್ಕು ತಾಸು ಬಯಲಲ್ಲಿ ನಡೆಯಬೇಕು, ಆದ್ದರಿಂದ ಬಿಸಿಲಿನಲ್ಲಿ ಆಡುವ ಶಿಸ್ತನ್ನು ಗಾಲ್ಫಿನವರು ಬೇಗ ಕಲಿಯುತ್ತಾರೆ. ಟೋಪಿ, ಛತ್ರಿ, ನೀರಿನ ಬಾಟಲಿ ಇಲ್ಲದೆ ಅವರು ಹೊರಡುವುದಿಲ್ಲ. ನಮ್ಮ ಕಡೆ ಗಾಲ್ಫ್ ಮೈದಾನವೂ ಇಲ್ಲ, ಹುಲ್ಲೂ ಇಲ್ಲ. ಇರುವುದು ಕರಿಮಣ್ಣು, ಕಲ್ಲುಗುಡ್ಡ, ಶಾಲೆಯ ಬಯಲು. ಬಿಸಿಲಿಗೆ ನಿಲ್ಲುವ ಹೊತ್ತು ಮಾತ್ರ ಅಷ್ಟೇ, ಕೆಲವೊಮ್ಮೆ ಇನ್ನೂ ಹೆಚ್ಚು. ಹಾಗಾಗಿ ಈ ಲೇಖನ.

ಎರಡು ಗಡಿಯಾರಗಳು

ಬಿಸಿಲು ಬೇರೆ, ಸೆಖೆ ಬೇರೆ. ಇವೆರಡನ್ನೂ ಒಂದೇ ಎಂದು ತಿಳಿದು ಪಂದ್ಯದ ವೇಳೆ ಇಡುವುದರಿಂದಲೇ ಅರ್ಧ ತೊಂದರೆ.

ನಮ್ಮ ಮೂರೂ ಊರುಗಳು 16ರಿಂದ 17 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಇವೆ. ಮೇ ಮೊದಲ ವಾರದಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆ ನಡುಹಗಲಿನಲ್ಲಿ ನೆಟ್ಟಗೆ ನಿಂತ ಕಂಬಕ್ಕೂ ನೆರಳಿರುವುದಿಲ್ಲ. ಗಡಿಯಾರದ 12 ಗಂಟೆಗೇ ನಡುಹಗಲು ಆಗುವುದಿಲ್ಲ, ನಮ್ಮಲ್ಲಿ ಅದು ಸುಮಾರು 12 ಗಂಟೆ 17 ನಿಮಿಷಕ್ಕೆ. ಚರ್ಮವನ್ನೂ ಕಣ್ಣನ್ನೂ ಸುಡುವ ನೇರಳಾತೀತ ಕಿರಣಗಳು ಆಗ ಅತಿ ಹೆಚ್ಚು. ಇದನ್ನು ಅಳೆಯಲು ಯಂತ್ರ ಬೇಕಿಲ್ಲ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಿಸಿಲು ಕೆಟ್ಟದ್ದು, ಉದ್ದವಾಗಿದ್ದರೆ ಪರವಾಗಿಲ್ಲ. ಮೇ ತಿಂಗಳಲ್ಲಿ ನಮ್ಮ ಕಡೆ ಬೆಳಿಗ್ಗೆ 9 ದಾಟಿದೊಡನೆ ನೆರಳು ಗಿಡ್ಡವಾಗುತ್ತದೆ, ಮಧ್ಯಾಹ್ನ ಸುಮಾರು ಮೂರೂವರೆಯ ತನಕ ಗಿಡ್ಡವಾಗಿಯೇ ಇರುತ್ತದೆ.

ಸೆಖೆಯ ಗಡಿಯಾರ ತಡವಾಗಿ ನಡೆಯುತ್ತದೆ. ನೆಲ ಕಾದು, ಆ ನೆಲ ಗಾಳಿಯನ್ನು ಕಾಯಿಸಬೇಕು. ಆದ್ದರಿಂದ ದಿನದ ಅತಿ ಹೆಚ್ಚು ಉಷ್ಣಾಂಶ ಬರುವುದು ಮಧ್ಯಾಹ್ನ 2ರಿಂದ 4ರ ನಡುವೆ. "ಬಿಸಿಲು ಇಳಿದಿದೆ, ನಾಲ್ಕಕ್ಕೆ ಶುರು ಮಾಡೋಣ" ಎನ್ನುವುದು ನಮ್ಮ ಸಂಘಟಕರ ರೂಢಿ. ನಾಲ್ಕಕ್ಕೆ ಚರ್ಮಕ್ಕೆ ಅಪಾಯ ಕಡಿಮೆಯಾಗಿರುತ್ತದೆ ನಿಜ, ಆದರೆ ಗಾಳಿ ಆಗಲೇ ಅತಿ ಬಿಸಿ, ಕಲ್ಲುಬಂಡೆ ಮತ್ತು ಕರಿಮಣ್ಣು ಕೆಳಗಿನಿಂದ ಝಳ ಹೊಡೆಯುತ್ತಿರುತ್ತವೆ. ಓಡುವವನ ಮೈಗೆ ಕಂಟಕ ಆ ಝಳದಿಂದಲೇ. ನನ್ನ ಅಭಿಪ್ರಾಯ ಸ್ಪಷ್ಟ: ಏಪ್ರಿಲ್, ಮೇ ತಿಂಗಳಲ್ಲಿ ಆಟಕ್ಕೆ ಒಳ್ಳೆಯ ಹೊತ್ತು ಸೂರ್ಯೋದಯದಿಂದ 9ರ ತನಕ. ಬೆಳಿಗ್ಗೆ ಪೌಣೇ ಆರಕ್ಕೆ ಬೆಳಕಾಗಿರುತ್ತದೆ, ಹತ್ತು ಓವರಿನ ಎರಡು ಪಂದ್ಯಗಳು ಆರಾಮಾಗಿ ಮುಗಿಯುತ್ತವೆ. ಸಂಜೆಯೇ ಬೇಕೆಂದರೆ ಐದೂವರೆಯ ನಂತರ. ಫೈನಲ್ ಪಂದ್ಯವನ್ನು ಅತಿಥಿಗಳ ಅನುಕೂಲ ನೋಡಿ ಮಧ್ಯಾಹ್ನಕ್ಕೆ ಇಡುವ ಪದ್ಧತಿಯನ್ನು ದಯವಿಟ್ಟು ಬಿಡಿ.

ಇದರಲ್ಲಿ ಹೊಸದೇನೂ ಇಲ್ಲ. ನಮ್ಮ ತೆಲಂಗಾಣದ ಶಾಲೆಗಳು ಮಾರ್ಚ್ ನಡುವಿನಿಂದಲೇ ಅರ್ಧ ದಿನ ನಡೆಯುತ್ತವೆ. ಹೊಳೆಯಾಚೆ ರಾಯಚೂರು, ಯಾದಗಿರಿ ಸೇರಿದ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ಮಾತ್ರ. ಕಚೇರಿಯಲ್ಲಿ ಫ್ಯಾನ್ ಕೆಳಗೆ ಕೂತವರಿಗೇ ಈ ರಿಯಾಯಿತಿ ಇರುವಾಗ ಬಯಲಲ್ಲಿ ಓಡುವ ಹುಡುಗನಿಗೆ ಬೇಡವೇ?

ಉಷ್ಣಾಂಶ ಓದುವ ಬಗೆ

ಪತ್ರಿಕೆಯಲ್ಲಿ 43 ಡಿಗ್ರಿ ಎಂದು ಬರುವುದು ನೆರಳಿನಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ಇಟ್ಟ ಉಷ್ಣಮಾಪಕದ ಲೆಕ್ಕ. ಪಿಚ್ಚಿನ ಮೇಲೆ ನಿಂತವನಿಗೆ ತಾಗುವುದು ಅದಕ್ಕಿಂತ ಹೆಚ್ಚು. ಹವಾಮಾನ ಇಲಾಖೆಯ ಪ್ರಕಾರ ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕೂ ಹೆಚ್ಚಾದರೆ ಬಿಸಿಗಾಳಿ. ವಾಡಿಕೆ ಏನೇ ಇರಲಿ, 45 ಮುಟ್ಟಿದರೆ ಬಿಸಿಗಾಳಿ, 47 ಮುಟ್ಟಿದರೆ ತೀವ್ರ ಬಿಸಿಗಾಳಿ. ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಬರುತ್ತದೆ. ಕಿತ್ತಳೆ ಬಣ್ಣ ಬಂದ ದಿನ ಬೆಳಗಿನ ಪಂದ್ಯಗಳನ್ನಷ್ಟೇ ಆಡಿಸಿ, ಕೆಂಪು ಬಂದರೆ ಪಂದ್ಯವನ್ನೇ ಮುಂದೂಡಿ. ತೆಲಂಗಾಣ ಅಭಿವೃದ್ಧಿ ಯೋಜನಾ ಸಂಸ್ಥೆಯ ಸ್ವಯಂಚಾಲಿತ ಹವಾಮಾನ ಕೇಂದ್ರಗಳಿಂದ ಮಂಡಲವಾರು ಅಂಕಿಗಳು ಸಿಗುತ್ತವೆ, ಹೈದರಾಬಾದಿನ ಅಂಕಿ ನೋಡಿಕೊಂಡು ಮಾಗನೂರಿನಲ್ಲಿ ಆಡಬೇಕಿಲ್ಲ.

ಇನ್ನೊಂದು ಮಾತು, ಹಿರಿಯರಿರುವ ಮನೆಗಳಿಗೆ. ಎಚ್ಚರಿಕೆಯ ಸಂದೇಶಗಳು ಹೆಚ್ಚಾಗಿ ತೆಲುಗಿನಲ್ಲಿ ಬರುತ್ತವೆ. ಅದರಲ್ಲಿ "ವಡದೆಬ್ಬ" ಎಂದಿದ್ದರೆ ಅದು ನಾವು ಬಿಸಿಲು ಹೊಡೆತ ಎನ್ನುವುದೇ. "ವಡಗಾಲುಲು" ಎಂದರೆ ಬಿಸಿಗಾಳಿ. "ಚಲಿವೇಂದ್ರಂ" ಎಂದು ಬರೆದ ಚಪ್ಪರ ನಮ್ಮ ಅರವಟ್ಟಿಗೆ. ಕನ್ನಡ ಮಾತ್ರ ಬಲ್ಲ ಅಜ್ಜ ಅಜ್ಜಿಯರಿಗೆ ಮನೆಯ ಮಕ್ಕಳು ಈ ಮೂರು ಶಬ್ದ ಹೇಳಿಕೊಟ್ಟರೆ ಸಾಕು.

ಬೆವರು ಕಾಣದ ಸೀಮೆ

ಮಂಗಳೂರಿನ ಬೆವರು ಅಂಗಿಯನ್ನು ತೊಯ್ಯಿಸುತ್ತದೆ. ನಮ್ಮ ಬೇಸಿಗೆಯ ಗಾಳಿ ಒಣ ಗಾಳಿ, ಬೆವರು ಬಂದ ಕ್ಷಣವೇ ಆರುತ್ತದೆ. ಇದು ಒಳ್ಳೆಯದೂ ಹೌದು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಮೈಯಿಂದ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೊತ್ತೊಯ್ಯುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಇದೇ ದಾರಿಯಲ್ಲಿ. ಕೆಟ್ಟದ್ದೇನೆಂದರೆ, ಎಷ್ಟು ಬೆವರಿದೆವು ಎಂದು ಗೊತ್ತೇ ಆಗುವುದಿಲ್ಲ. "ನನಗೆ ಬೆವರೇ ಬಂದಿಲ್ಲ" ಎನ್ನುವ ಹುಡುಗನ ಕಪ್ಪು ಅಂಗಿಯ ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆಗಳು ನೋಡಿ, ಅಲ್ಲಿದೆ ಲೆಕ್ಕ. ಇನ್ನೂ ನಿಖರವಾಗಿ ಬೇಕೆಂದರೆ ಆಟದ ಮುಂಚೆ ಮತ್ತು ನಂತರ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ನೀರು ಹೋಗಿದೆ.

ಬಾಯಾರಿದ ಮೇಲೆ ಒಂದೇ ಸಲ ಚೊಂಬು ಎತ್ತುವುದಕ್ಕಿಂತ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯುವುದು ಮೇಲು. ಹಾಗೆಂದು ಗಂಟೆಗೆ ಒಂದೂವರೆ ಲೀಟರ್ ಮೀರಬೇಡಿ. ಬರೀ ನೀರೇ ವಿಪರೀತ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೇ ಒಂದು ಕಾಯಿಲೆಯಾಗುತ್ತದೆ. ಒಂದು ತಾಸಿಗಿಂತ ಹೆಚ್ಚು ಆಡುವಾಗ ಉಪ್ಪೂ ಬೇಕು. ಅದಕ್ಕೆ ನಮ್ಮ ಮನೆಯ ಜೋಳದ ಅಂಬಲಿ, ಉಪ್ಪು ಹಾಕಿದ ನೀರು ಮಜ್ಜಿಗೆ ಬಹಳ ಒಳ್ಳೆಯವು. ತಾಟಿನುಂಗು ಸಿಗುವ ಕಾಲ, ಅದನ್ನೂ ತಿನ್ನಿ. ಓಆರ್‌ಎಸ್ ಪುಡಿಯಾದರೆ 20.5 ಗ್ರಾಂ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು; ಒಂದು ಲೋಟಕ್ಕೇ ಇಡೀ ಪೊಟ್ಟಣ ಸುರಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಅದು ತಪ್ಪು, ಮಕ್ಕಳಿಗಂತೂ ಅಪಾಯ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಇಲ್ಲಿ ಚಮಚ ಎಂದರೆ ಟೀ ಚಮಚ.

ಕಳ್ಳು ತಂಪು ಎನ್ನುವ ಮಾತಿದೆ. ಮದ್ಯ ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುತ್ತದೆ, ಎಚ್ಚರವನ್ನೂ ಕೆಡಿಸುತ್ತದೆ. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಹೊಡೆಯುವುದಿಲ್ಲ ಎನ್ನುವವರಿಗೆ ನನ್ನ ತಕರಾರಿಲ್ಲ, ಜೊತೆಗೆ ನೀರಿನ ಬಾಟಲಿಯನ್ನೂ ಇಟ್ಟುಕೊಂಡರೆ ಆಯಿತು.

ಹೊಸದಾಗಿ ಬಂದವರು

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಮೈ ಸೆಖೆಗೆ ಒಗ್ಗಲು 7ರಿಂದ 14 ದಿನ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಕಡಿಮೆ ಉಪ್ಪು ಕಳೆಯುತ್ತದೆ, ಎದೆಬಡಿತವನ್ನು ಹಿಡಿತದಲ್ಲಿಡುತ್ತದೆ. ಊರಲ್ಲೇ ಇದ್ದು ಹೊಲಕ್ಕೆ, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ಹುಡುಗನ ಮೈ ಮಾರ್ಚಿನಿಂದಲೇ ಒಗ್ಗಿರುತ್ತದೆ. ಏಸಿ ಕಚೇರಿಯಿಂದ ರಾತ್ರಿ ಬಸ್ಸಿಗೆ ಬಂದವನದ್ದು ಒಗ್ಗಿರುವುದಿಲ್ಲ. ಇಬ್ಬರೂ ಒಂದೇ ವಯಸ್ಸಿನವರು, ಬಾಲ್ಯದ ಗೆಳೆಯರು, ಒಂದೇ ತಂಡದವರು. ಎಂಟು ಓವರ್ ಓಡಿ ಕುಸಿಯುವವನು ಎರಡನೆಯವನು.

ಕೆಲವು ವರ್ಷಗಳ ಹಿಂದೆ ಒಂದು ಪಂದ್ಯದಲ್ಲಿ ನಾನೇ ಇದನ್ನು ಕಂಡೆ. ಬೆಂಗಳೂರಿನಿಂದ ಹಿಂದಿನ ದಿನವಷ್ಟೇ ಬಂದಿದ್ದ ಹುಡುಗ ಗಡಿಯ ಹತ್ತಿರ ಫೀಲ್ಡಿಂಗ್ ಮಾಡುತ್ತಿದ್ದ. ಬಂದ ಚೆಂಡನ್ನು ಎತ್ತಿ ತಪ್ಪು ದಿಕ್ಕಿಗೆ ಎಸೆದ. ಎಲ್ಲರೂ ನಕ್ಕೆವು. ಮತ್ತೆ ಹಾಗೆಯೇ ಮಾಡಿದ. ಆಗಲೂ ನಕ್ಕೆವು. ಮೂರನೆಯ ಸಲ ಅವನು ಚೆಂಡಿನ ಕಡೆ ನೋಡಲೇ ಇಲ್ಲ, ಮಂಡಿಯೂರಿ ಕೂತ. ಪುಣ್ಯಕ್ಕೆ ಅಂಪೈರ್ ಆಗಿದ್ದ ಮೇಷ್ಟ್ರು ಆಟ ನಿಲ್ಲಿಸಿ ಎರಡು ಕೊಡ ನೀರು ಅವನ ಮೈಮೇಲೆ ಸುರಿಸಿದರು. ಹುಡುಗ ಉಳಿದ. ನಾವು ನಕ್ಕದ್ದು ನನಗೆ ಇನ್ನೂ ನೆನಪಿದೆ.

ಆದ್ದರಿಂದ ಹೊರಗಿನಿಂದ ಬಂದವರು ಮೊದಲ ಎರಡು ದಿನ ಬೆಳಿಗ್ಗೆ ಅರ್ಧ ಗಂಟೆ ಮಾತ್ರ ಆಡಲಿ, ಆಮೇಲೆ ದಿನಕ್ಕಿಷ್ಟು ಹೆಚ್ಚಿಸಲಿ. ಜ್ವರ, ಭೇದಿ ಆಗಿ ಎದ್ದವರು, ಹಿಂದಿನ ರಾತ್ರಿ ಮದುವೆಮನೆಯಲ್ಲಿ ನಿದ್ದೆಗೆಟ್ಟವರು ಆ ದಿನ ಕೂತು ನೋಡಲಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಅಂಪೈರ್ ಆಗಿ ನಿಲ್ಲುವ ಮುಂಚೆ ತಮ್ಮ ವೈದ್ಯರನ್ನು ಕೇಳಲಿ. ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇಡ.

ಬಟ್ಟೆ, ಟೋಪಿ, ಕ್ರೀಮು

ಮಗ್ಗದ ಊರುಗಳವರಿಗೆ ಹತ್ತಿಯ ಗುಣ ಹೇಳಿಕೊಡಬೇಕಿಲ್ಲ. ನಾರಾಯಣಪೇಟೆಯ ಚೌಕಳಿ ಸೀರೆಯಾಗಲಿ, ಹತ್ತಿಯ ಒಡಲಿಗೆ ರೇಷ್ಮೆ ಅಂಚು ಕೂಡಿಸುವ ಗದ್ವಾಲ್ ಸೀರೆಯಾಗಲಿ, ನಮ್ಮ ಸೆಖೆಯನ್ನು ಬಲ್ಲವರೇ ನೇಯ್ದವು. ಆದರೆ ಹುಡುಗರು ಹಾಕುವ ಪಂದ್ಯಾವಳಿಯ ಅಂಗಿಗಳು ಅಗ್ಗದ ದಪ್ಪ ಪಾಲಿಯೆಸ್ಟರ್. ಪ್ರಾಯೋಜಕರ ಹೆಸರು ದೊಡ್ಡದಾಗಿ ಅಚ್ಚು ಹಾಕಿದ ಜಾಗದಲ್ಲಿ ಗಾಳಿಯೂ ಆಡುವುದಿಲ್ಲ. ತಿಳಿ ಬಣ್ಣದ, ಸಡಿಲವಾದ, ಉದ್ದ ತೋಳಿನ ಅಂಗಿ ಹೊಲಿಸಿ. ತೀರಾ ತೆಳುವಾದ ಬಿಳಿ ಬಟ್ಟೆ, ಅದರಲ್ಲೂ ಒದ್ದೆಯಾದಾಗ, ಕಿರಣಗಳನ್ನು ಒಳಬಿಡುತ್ತದೆ. ನೇಯ್ಗೆ ಒತ್ತಾಗಿದ್ದರೆ ತಡೆಯುತ್ತದೆ. ಕ್ರಿಕೆಟ್ ಟೋಪಿ ಹಣೆಯನ್ನು ಮಾತ್ರ ಕಾಯುತ್ತದೆ, ಕಿವಿ ಮತ್ತು ಕತ್ತಿನ ಹಿಂಭಾಗ ಬಿಸಿಲಿಗೇ. ಸುತ್ತ ಅಂಚಿರುವ ಟೋಪಿ ಒಳ್ಳೆಯದು, ಇಲ್ಲವೇ ಹೆಗಲ ಮೇಲಿನ ವಲ್ಲಿಯನ್ನು ಒದ್ದೆ ಮಾಡಿ ತಲೆಗೆ ಸುತ್ತಿ ಕತ್ತಿಗೆ ಇಳಿಬಿಡಿ.

ಆಸ್ಟ್ರೇಲಿಯಾದಲ್ಲಿ 1981ರಿಂದಲೇ ಅಂಗಿ ತೊಡಿ, ಕ್ರೀಮು ಹಚ್ಚಿ, ಟೋಪಿ ಹಾಕಿ ಎಂಬ ಪ್ರಚಾರ ನಡೆದಿದೆ, ಕಾರಣ ಅಲ್ಲಿಯ ಬಿಳಿಯರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚು. ನಮ್ಮ ಮೈಬಣ್ಣಕ್ಕೆ ಆ ಅಪಾಯ ಬಹಳ ಕಡಿಮೆ. ನಮಗೆ ಕಾಡುವುದು ಕೆನ್ನೆಯ ಮೇಲಿನ ಬಂಗು, ಕಣ್ಣಿನ ಪೊರೆ, ಕಣ್ಣಿನ ಬಿಳಿಯ ಮೇಲೆ ಬೆಳೆಯುವ ಮಾಂಸದ ಎಳೆ. ಹಾಗಾಗಿ ಕಣ್ಣಿಗೆ ಯುವಿ 400 ಎಂದು ಬರೆದ ಕನ್ನಡಕ ಕೊಳ್ಳಿ. ಕ್ರೀಮು ಹಚ್ಚುವುದಾದರೆ ಎಸ್‌ಪಿಎಫ್ 30 ಸಾಕು, ಅದು ಸುಡುವ ಕಿರಣಗಳಲ್ಲಿ ಶೇಕಡಾ 97ರಷ್ಟನ್ನು ತಡೆಯುತ್ತದೆ. ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದ, ಎರಡು ತಾಸಿಗೊಮ್ಮೆ ಮತ್ತೆ. ಒಂದು ಮಾತು ಮರೆಯಬೇಡಿ: ಕ್ರೀಮು ಚರ್ಮವನ್ನು ಕಾಯುತ್ತದೆಯೇ ಹೊರತು ಮೈಯನ್ನು ತಂಪು ಮಾಡುವುದಿಲ್ಲ.

ಒಬ್ಬ ಕುಸಿದರೆ

ಸ್ನಾಯು ಸೆಳೆತ, ತಲೆಸುತ್ತು, ವಾಕರಿಕೆ, ತಲೆನೋವು ಬಂದರೆ ಆಟದಿಂದ ಹೊರಗೆ, ನೆರಳಿಗೆ, ನೀರು ಮತ್ತು ಉಪ್ಪು. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆಗೆ. ಇಷ್ಟು ಸುಲಭದ ಭಾಗ.

ಮಾತು ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ, ಕಾರಣವಿಲ್ಲದೆ ಸಿಟ್ಟಾದರೆ, ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ ಅದು ಬಿಸಿಲು ಹೊಡೆತ. ಒಳಮೈ 40 ಡಿಗ್ರಿ ದಾಟಿ ಮಿದುಳಿಗೆ ತಾಗಿದೆ ಎಂದರ್ಥ. ಚರ್ಮ ಒಣಗಿರಲೇಬೇಕೆಂದಿಲ್ಲ, ಓಡಿ ಬಿದ್ದವನು ಬೆವರುತ್ತಲೇ ಇರಬಹುದು. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಉಳಿದವರು ತಂಪು ಮಾಡಲು ಶುರು ಮಾಡಬೇಕು. ಗಾಡಿ ಬರಲಿ ಎಂದು ಕಾಯುವ ಪ್ರತಿ ನಿಮಿಷವೂ ನಷ್ಟ. ದನಕ್ಕೆ ನೀರಿಡುವ ತೊಟ್ಟಿ ಹತ್ತಿರವಿದ್ದರೆ ತಲೆ ಹಿಡಿದುಕೊಂಡು ಕತ್ತಿನ ತನಕ ಅದರಲ್ಲಿ ಕೂರಿಸಿ, ಅದೇ ಅತ್ಯುತ್ತಮ. ಇಲ್ಲದಿದ್ದರೆ ಅಂಗಿ ತೆಗೆದು, ಇಡೀ ಮೈಗೆ ನೀರು ಸುರಿಯುತ್ತ, ಇಬ್ಬರು ಗಾಳಿ ಬೀಸುತ್ತ ಇರಿ. ಮಂಜುಗಡ್ಡೆ ಇದ್ದರೆ ಕಂಕುಳು, ತೊಡೆಸಂದು, ಕತ್ತಿಗೆ ಇಡಿ. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ, ಇದು ಜ್ವರವಲ್ಲ.

108 ಎರಡೂ ರಾಜ್ಯಗಳ ನಂಬರು. ಕೃಷ್ಣಾ ಮಂಡಲ, ಗಟ್ಟು, ಕೆ.ಟಿ. ದೊಡ್ಡಿ ಕಡೆಯ ಗಡಿ ಊರುಗಳವರು ಕರೆ ಮಾಡಿದಾಗ ಮೊದಲು ರಾಜ್ಯ, ಜಿಲ್ಲೆ, ಮಂಡಲ ಹೇಳಿ, ಆಮೇಲೆ ಊರು. ತೆಲಂಗಾಣ ಸರ್ಕಾರ 2025ರ ಏಪ್ರಿಲ್‌ನಲ್ಲಿ ಬಿಸಿಗಾಳಿ ಮತ್ತು ಬಿಸಿಲು ಹೊಡೆತವನ್ನು ರಾಜ್ಯದ ವಿಶೇಷ ವಿಪತ್ತು ಎಂದು ಘೋಷಿಸಿ, ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿದೆ. ಬಿಸಿಲಿನಿಂದ ಯಾರೂ ಸಾಯುವುದಿಲ್ಲ ಎಂದು ವಾದಿಸುವವರಿಗೆ ಇದನ್ನು ತೋರಿಸಿ.

ಆಟ ಮುಗಿದ ಮೇಲೆ

ಏಪ್ರಿಲ್, ಮೇ ಸಂಜೆಗಳಲ್ಲಿ ಒಮ್ಮೆಲೇ ಮೋಡ ಕಟ್ಟಿ ಸಿಡಿಲು ಬರುತ್ತದೆ. ಗಾಲ್ಫ್ ಮೈದಾನದಲ್ಲಿ ಗುಡುಗು ಕೇಳಿದರೆ ಸೈರನ್ ಊದಿ ಆಟ ನಿಲ್ಲಿಸುತ್ತಾರೆ. ನಮ್ಮಲ್ಲಿ ಬೇವಿನ ಮರದ ಕೆಳಗೆ ಓಡುತ್ತಾರೆ. ಮರದ ಕೆಳಗೆ ಬೇಡ, ಪಕ್ಕಾ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ. ದಾಮಿನಿ ಎಂಬ ಮೊಬೈಲ್ ಆ್ಯಪ್ ಹತ್ತಿರದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ.

ಇನ್ನು ಮನೆಗೆ ಹೋಗದೆ ನೇರ ಹೊಳೆಗೆ ಇಳಿಯುವ ಅಭ್ಯಾಸ. ಬೇಸಿಗೆಯಲ್ಲಿ ಕೃಷ್ಣೆ ಬಂಡೆಗಳ ನಡುವೆ ಬತ್ತಿದಂತೆ ಕಾಣುತ್ತಾಳೆ, ಆದರೆ ಮಡುಗಳು, ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ದಣಿದ ಕಾಲಿಗೆ ಸೆಳೆತ ಹಿಡಿಯುವುದೂ ಆಗಲೇ. ಮನೆಯ ಬಚ್ಚಲಲ್ಲಿ ಎರಡು ಬಕೆಟ್ ನೀರು ಹಾಕಿಕೊಳ್ಳಿ. ರಾತ್ರಿ ಕೋಣೆಯ ಸೆಖೆ 40 ಡಿಗ್ರಿಯ ಹತ್ತಿರವಿದ್ದರೆ ಬರೀ ಫ್ಯಾನು ಬಿಸಿಗಾಳಿಯನ್ನೇ ಮೈಮೇಲೆ ತಳ್ಳುತ್ತದೆ, ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಂಡು ಅದರ ಕೆಳಗೆ ಮಲಗಿ.