4,29,49,67,297

429 ಕೋಟಿ ದಾಟಿದ ಹತ್ತಂಕಿಯ ಬೆಸಸಂಖ್ಯೆ. 2ರ 32ನೇ ಘಾತಕ್ಕೆ 1 ಕೂಡಿಸಿದರೆ ಸಿಗುತ್ತದೆ; ಸೊನ್ನೆಯಿಂದ ಎಣಿಸಿದರೆ ಐದನೆಯ ಫರ್ಮಾ ಸಂಖ್ಯೆ. ಇದೇ ಸಾಲಿನಲ್ಲಿ ಹಿಂದೆ ನಿಂತ 3, 5, 17, 257, 65,537 ಎಲ್ಲವೂ ಅವಿಭಾಜ್ಯಗಳು. ಮುಂದಿನವೂ ಹಾಗೆಯೇ ಎಂದು 17ನೇ ಶತಮಾನದಲ್ಲಿ ಪಿಯರ್ ದ ಫರ್ಮಾ ನಂಬಿದ್ದ. ಅಂಥ ಘಟಾನುಘಟಿಯ ಊಹೆಯೂ ಮರುಹೆಜ್ಜೆಯಲ್ಲೇ ಮುಗ್ಗರಿಸಿತು.

1732ರಲ್ಲಿ ಲಿಯೊನಾರ್ಡ್ ಆಯ್ಲರ್ ಇದನ್ನು 641 × 67,00,417 ಎಂದು ಒಡೆದ. ಸಿಕ್ಕಸಿಕ್ಕ ಸಂಖ್ಯೆಯಿಂದ ಭಾಗಿಸುತ್ತ ಕೂರಬೇಕಿಲ್ಲ: ಇದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕೆಂದು ಆತ ಆಮೇಲೆ ತೋರಿಸಿಕೊಟ್ಟ. ಆ ಜರಡಿಯಲ್ಲಿ 193, 257, 449, 577 ಆದಮೇಲೆ ಸಿಗುವುದೇ 641.

ಇದಕ್ಕಿಂತ ಸೊಗಸಾದ ದಾರಿಯೂ ಉಂಟು. 641 ಎಂದರೆ 5⁴ + 2⁴. 5 × 2⁷ + 1 ಕೂಡ ಅದೇ. ಇವೆರಡನ್ನು ಜೋಡಿಸಿದರೆ ಉದ್ದದ ಭಾಗಾಕಾರವಿಲ್ಲದೆ ಸಾಧನೆ ಮುಗಿಯುತ್ತದೆ.

ಎರಡು ವರ್ಗಗಳ ಮೊತ್ತವಾಗಿ ಇದನ್ನು ಎರಡು ಬಗೆಯಲ್ಲಿ ಬರೆಯಬಹುದು: 65,536² + 1² ಮತ್ತು 62,264² + 20,449². ಅವಿಭಾಜ್ಯವಾಗಿದ್ದರೆ ಒಂದೇ ಬಗೆ ಇರುತ್ತಿತ್ತು.

ಕಂಪ್ಯೂಟರಿನ 32 ಬಿಟ್‌ಗಳಲ್ಲಿ ಈ ಸಂಖ್ಯೆ ಹಿಡಿಯದು. ಮೇಲಿನ ಬಿಟ್ ಉದುರಿ ಉಳಿಯುವುದು ಬರೀ 1.