ಹಕ್ಕು ಹೆಂಡತಿಯದು, ಕಾಗದ ಗಂಡನದು: ನಲ್ಲಂಪಳ್ಳಿ ಸೀಮೆಯಲ್ಲಿ ಕುಟುಂಬ ಪಿಂಚಣಿ

ಸೇಲಂನಿಂದ ಬೆಂಗಳೂರಿಗೆ ಹೊರಟ ರೈಲು ಓಮಲೂರು ದಾಟಿ, ತೊಪ್ಪೂರು, ಶಿವಾಡಿಗಳ ಮೂಲಕ ಧರ್ಮಪುರಿ ಸೇರುತ್ತದೆ. ಹಳಿ ಹಾಸಿರುವ ನೆಲ ತಮಿಳುನಾಡಿನದು. ಆಡಳಿತ ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗದ್ದು, ಆ ವಲಯದ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಈ ದಾರಿಯಲ್ಲಿ ಗ್ಯಾಂಗ್‌ಮನ್ ಆಗಿ ದುಡಿದು ನಿವೃತ್ತನಾದ ನಲ್ಲಂಪಳ್ಳಿ ತಾಲ್ಲೂಕಿನವನೊಬ್ಬ ತೀರಿಕೊಂಡನೆನ್ನೋಣ. ಮರಣ ಪ್ರಮಾಣಪತ್ರ ಊರಿನಲ್ಲಿ ಸಿಗುತ್ತದೆ. ವಾರಸುದಾರರ ಪ್ರಮಾಣಪತ್ರ ಬೇಕಾದರೆ ತಹಶೀಲ್ದಾರರ ಕಚೇರಿಗೆ ಹೋಗಬೇಕು. ಸೇವಾ ಪುಸ್ತಕ ಬೆಂಗಳೂರಿನಲ್ಲಿದೆ. ಹಣ ಹಾಕುವುದು ಬ್ಯಾಂಕಿನ ಕೇಂದ್ರೀಕೃತ ಪಿಂಚಣಿ ವಿಭಾಗ, ಅದು ಮತ್ತೆಲ್ಲೋ ಇರುತ್ತದೆ. ಗಡಿನಾಡಿನ ಕನ್ನಡ ಮನೆಯ ವಿಧವೆ ಈ ಎಲ್ಲ ಕಡೆಯೂ ತಾನು ಒಬ್ಬಳೇ ಎಂದು ತೋರಿಸಿಕೊಡಬೇಕು.

ಕಾನೂನಿನ ಕಣ್ಣಿನಲ್ಲಿ ಕುಟುಂಬ ಪಿಂಚಣಿ ಹುಟ್ಟುವುದು ಹೆಂಡತಿ ಎಂಬ ಸ್ಥಾನದಿಂದ. ಕಚೇರಿಯ ಕಣ್ಣಿನಲ್ಲಿ ಅದು ಗಂಡ ಬದುಕಿದ್ದಾಗ ಬರೆಸಿಟ್ಟ ಕಾಗದದಿಂದ ಹುಟ್ಟುತ್ತದೆ. ಈ ಸೀಮೆಯ ತೊಡಕುಗಳಲ್ಲಿ ಬಹುಪಾಲು ಈ ಎರಡರ ನಡುವಿನ ಅಂತರದಲ್ಲಿವೆ ಎಂಬುದು ಇಲ್ಲಿಯ ವಾದ.

ಕಾನೂನಿನ ಕಡೆಯಿಂದ ನೋಡಿದರೆ ಚಿತ್ರ ಸಾಕಷ್ಟು ಸ್ಪಷ್ಟ. ಇಂದಿನ ಕುಟುಂಬ ಪಿಂಚಣಿಯ ಮೂಲ 1964ರ ಯೋಜನೆ. ಮೊದಲು ಅದಕ್ಕೆ ನೌಕರ ತನ್ನ ಉಪದಾನದಿಂದ ಎರಡು ತಿಂಗಳ ವೇತನದಷ್ಟು ಬಿಟ್ಟುಕೊಡಬೇಕಿತ್ತು. 1977ರ ಸೆಪ್ಟೆಂಬರ್ 22ರಿಂದ ಆ ಷರತ್ತು ಹೋಯಿತು. 1964ಕ್ಕೂ ಹಿಂದೆ ನಿವೃತ್ತರಾದವರ ವಿಧವೆಯರು ಹೊರಗೇ ಉಳಿದಿದ್ದರು, 1985ರ ಪೂನಮಾಳ್ ಪ್ರಕರಣದ ಹೊತ್ತಿಗೆ ಅವರಿಗೂ ಬಾಗಿಲು ತೆರೆಯಿತು. 1989ರ ಭಗವಂತಿ ಪ್ರಕರಣದಲ್ಲಿ, ನಿವೃತ್ತಿಯ ನಂತರ ಮದುವೆಯಾದ ಹೆಂಡತಿಯನ್ನೂ ಹೊರಗಿಡಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ವಿಷಯಕ್ಕೆ ಇವೆಲ್ಲಕ್ಕಿಂತ ಹತ್ತಿರದ್ದು 1991ರ ವಯಲೆಟ್ ಐಸಾಕ್ ಪ್ರಕರಣ. ರೈಲ್ವೆ ನೌಕರರೊಬ್ಬರು ಬರೆದ ಉಯಿಲನ್ನು ಹಿಡಿದು ಅವರ ಸಹೋದರ ಕುಟುಂಬ ಪಿಂಚಣಿಗೂ ಕೈಚಾಚಿದ್ದರು. ಕುಟುಂಬ ಪಿಂಚಣಿ ಮೃತನ ಆಸ್ತಿಯ ಭಾಗವೇ ಅಲ್ಲ, ಬದುಕಿದ್ದಾಗ ಅದರ ಮೇಲೆ ಅವನಿಗೆ ಅಧಿಕಾರವಿರಲಿಲ್ಲ, ಆದ್ದರಿಂದ ಉಯಿಲಿನಲ್ಲಿ ಅದನ್ನು ಯಾರಿಗೂ ಕೊಡಲಾಗದು ಎಂದು ಕೋರ್ಟ್ ತೀರ್ಮಾನಿಸಿತು. ಅಂದರೆ ಗಂಡ ಮನಸ್ಸು ಮಾಡಿದರೂ ಇದನ್ನು ಹೆಂಡತಿಯ ಕೈ ತಪ್ಪಿಸುವಂತಿಲ್ಲ.

ಮನಸ್ಸು ಮಾಡಿ ತಪ್ಪಿಸಲಾಗದ್ದನ್ನು ಮೈಮರೆತು ತಪ್ಪಿಸಬಹುದು ಎಂಬುದು ಬೇರೆ ಮಾತು. ಪಿಂಚಣಿ ಪಾವತಿ ಆದೇಶದಲ್ಲಿ, ಎಲ್ಲರ ಬಾಯಲ್ಲಿ ಪಿಪಿಒ ಎನಿಸಿಕೊಂಡದ್ದರಲ್ಲಿ, ಹೆಂಡತಿಯ ಹೆಸರು, ಹುಟ್ಟಿದ ದಿನ, ಜೋಡಿ ಫೋಟೋ ಇದ್ದರೆ ದಾರಿ ಚಿಕ್ಕದು. ಗಂಡಹೆಂಡಿರ ಜಂಟಿ ಖಾತೆಗೆ ಪಿಂಚಣಿ ಬರುತ್ತಿದ್ದರೆ ಇನ್ನೂ ಚಿಕ್ಕದು: ಕೇಂದ್ರ ಸರ್ಕಾರದ ಸೂಚನೆಯಂತೆ ಆಗ ಕುಟುಂಬ ಪಿಂಚಣಿಗೆಂದು ನಿಗದಿಯಾದ ಅರ್ಜಿ ನಮೂನೆ ಕೂಡ ಬೇಡ, ಒಂದು ಸಾದಾ ಅರ್ಜಿಯ ಜೊತೆಗೆ ಮರಣ ಪ್ರಮಾಣಪತ್ರ, ಪಿಪಿಒ ಪ್ರತಿ, ವಯಸ್ಸಿನ ದಾಖಲೆ ಕೊಟ್ಟರೆ ಸಾಕು. ವಾರಸುದಾರರ ಪ್ರಮಾಣಪತ್ರಕ್ಕೆಂದು ಅಲೆಯುವವರಲ್ಲಿ ಎಷ್ಟೋ ಜನಕ್ಕೆ ಕುಟುಂಬ ಪಿಂಚಣಿಯ ಮಟ್ಟಿಗೆ ಅದರ ಅಗತ್ಯವೇ ಇರುವುದಿಲ್ಲ. ನಾಮನಿರ್ದೇಶನವಿಲ್ಲದೆ ಉಳಿದ ಹಿಂಬಾಕಿಯನ್ನು ಪಡೆಯಲು ಅದು ಬೇಕಾಗಬಹುದು. ಎರಡನ್ನೂ ಒಂದೇ ಗಂಟಿಗೆ ಕಟ್ಟುವುದರಿಂದ ತಿಂಗಳ ಹಣವೂ ನಿಂತು ಕಾಯುತ್ತದೆ.

ಮೊತ್ತದ ಬಗೆಗೂ ಒಂದು ತಪ್ಪು ತಿಳಿವಳಿಕೆ ಇದೆ. ಕೇಂದ್ರದ ನಿಯಮದಲ್ಲಿ ಸಾಮಾನ್ಯ ದರ ಕೊನೆಯ ಮೂಲವೇತನದ ಶೇಕಡಾ 30, ಕನಿಷ್ಠ ತಿಂಗಳಿಗೆ 9,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ಆದರೆ ಮೊದಲ ಕೆಲವು ವರ್ಷ ಶೇಕಡಾ 50ರ ಹೆಚ್ಚಿನ ದರ ಸಿಗುತ್ತದೆ. ನಿವೃತ್ತನಾದ ಮೇಲೆ ಸತ್ತಿದ್ದರೆ ಏಳು ವರ್ಷ, ಇಲ್ಲವೇ ಅವನಿಗೆ 67 ತುಂಬಬೇಕಿದ್ದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ. ಸೇವೆಯಲ್ಲಿದ್ದಾಗಲೇ ಸತ್ತಿದ್ದರೆ ಹತ್ತು ವರ್ಷ. ಕೊನೆಯ ಮೂಲವೇತನ 40,000 ಇದ್ದವನು 62ರಲ್ಲಿ ತೀರಿಕೊಂಡರೆ ಹೆಂಡತಿಗೆ ಐದು ವರ್ಷ 20,000 ಬಂದು, ಆಮೇಲೆ 12,000ಕ್ಕೆ ಇಳಿಯುತ್ತದೆ. ಬ್ಯಾಂಕಿನವರು ಮೋಸ ಮಾಡಿದರು ಎಂಬ ದೂರು ಏಳುವುದು ಹೆಚ್ಚಾಗಿ ಆ ಇಳಿಕೆಯ ತಿಂಗಳಲ್ಲಿ. ಇಳಿಯುವ ದಿನಾಂಕ ಪಿಪಿಒದಲ್ಲೇ ನಮೂದಾಗಿರುತ್ತದೆ. ಅದನ್ನು ಅವಳಿಗೆ ಓದಿ ಹೇಳುವವರಿರುವುದಿಲ್ಲ.

ಇನ್ನು ಹೆಸರಿನ ತೊಡಕು. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ, ತಕಾರ ದಕಾರಗಳಿಗೆ, ಪಕಾರ ಬಕಾರಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ಬೆಂಗಳೂರಿನ ಸೇವಾ ಪುಸ್ತಕದಲ್ಲಿ ‘ಗೌರಮ್ಮ’ ಎಂದಿರುವವಳು ತಮಿಳಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು, ಪಡಿತರ ಚೀಟಿಯಲ್ಲೋ ಆಧಾರ್‌ನಲ್ಲೋ ‘ಕೌರಮ್ಮಾಳ್’ ಆಗಬಹುದು. ಇನಿಷಿಯಲ್ ಬೇರೆ: ಮದುವೆಗೆ ಮುಂಚೆ ತಂದೆಯದು, ಆಮೇಲೆ ಗಂಡನದು. ವಿಳಾಸವೂ ನಿಂತಲ್ಲಿ ನಿಂತಿಲ್ಲ. 1965ರ ಅಕ್ಟೋಬರ್ 2ರಂದು ಧರ್ಮಪುರಿ ಜಿಲ್ಲೆಯಾಗುವವರೆಗೆ ಇದೆಲ್ಲ ಸೇಲಂ ಜಿಲ್ಲೆ. ನಲ್ಲಂಪಳ್ಳಿ ಪ್ರತ್ಯೇಕ ತಾಲ್ಲೂಕಾದದ್ದು ಅದಕ್ಕೂ ಎಷ್ಟೋ ಕಾಲದ ನಂತರ. ಹಳೆಯ ದಾಖಲೆಯ ಸೇಲಂ ಜಿಲ್ಲೆ ಧರ್ಮಪುರಿ ತಾಲ್ಲೂಕಿನವಳೂ ಇಂದಿನ ಧರ್ಮಪುರಿ ಜಿಲ್ಲೆ ನಲ್ಲಂಪಳ್ಳಿ ತಾಲ್ಲೂಕಿನವಳೂ ಒಂದೇ ಮನೆಯಲ್ಲಿ ಕೂತಿದ್ದಾಳೆ ಎಂಬುದು ದೂರದ ಗುಮಾಸ್ತನಿಗೆ ಹೊಳೆಯುವ ಸಂಗತಿಯಲ್ಲ. ಹೆಸರಿನ ತಿದ್ದುಪಡಿ ಗಂಡನ ಒಂದು ಅರ್ಜಿಯಿಂದ ಆಗುವ ಕೆಲಸ. ಅವನು ಸತ್ತ ಮೇಲೆ ಅದೇ ಕೆಲಸಕ್ಕೆ ಪ್ರಮಾಣಪತ್ರ, ನೋಟರಿ, ಸಾಕ್ಷಿಗಳೆಲ್ಲ ಬೇಕಾಗುತ್ತವೆ.

ಮದುವೆಯ ದಾಖಲೆಯದೂ ಇದೇ ಕತೆ. ತಮಿಳುನಾಡಿನಲ್ಲಿ ಮದುವೆ ನೋಂದಣಿ ಕಡ್ಡಾಯವಾದದ್ದು 2009ರ ಕಾಯ್ದೆಯಿಂದ. ಅದಕ್ಕೂ ಹಿಂದೆ ಊರ ಗುಡಿಯಲ್ಲಿ ತಾಳಿ ಕಟ್ಟಿಸಿಕೊಂಡವರಿಗೆ ಸೇವಾ ಪುಸ್ತಕದ ಕುಟುಂಬ ವಿವರವೇ ಮುಖ್ಯ ಆಧಾರ. ಅಲ್ಲಿ ಒಬ್ಬಳ ಹೆಸರು, ಮನೆಯಲ್ಲಿ ಇನ್ನೊಬ್ಬಳು ಎಂದಾದಾಗ ವಿವಾದ ಕೋರ್ಟಿಗೆ ಹೋಗುತ್ತದೆ. ಒಂದಕ್ಕಿಂತ ಹೆಚ್ಚು ವಿಧವೆಯರಿದ್ದರೆ ಸಮಪಾಲು ಎಂಬ ನಿಯಮದ ಸಾಲನ್ನು ನಂಬಿ ಬರುವವರಿದ್ದಾರೆ. ಆದರೆ ಮೊದಲ ಹೆಂಡತಿ ಇರುವಾಗಲೇ ಆದ ಮದುವೆ 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಶೂನ್ಯ. 2000ದ ರಾಮೇಶ್ವರಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡನೆಯವಳಿಗೆ ಪಾಲು ಕೊಡಲಿಲ್ಲ, ಅವಳ ಅಪ್ರಾಪ್ತ ಮಕ್ಕಳಿಗೆ ಕೊಟ್ಟಿತು. ತಾಯಿಗೆ ಇದು ಕಠಿಣ ತೀರ್ಪು. ಮಕ್ಕಳ ವಯಸ್ಸು ಮೀರಿದ ಮೇಲೆ ಅವಳ ಕೈಗೆ ಬರುವುದು ಏನೂ ಇಲ್ಲ.

ರೈಲು ಹಾದಿಯ ಊರುಗಳಲ್ಲಿ ಎಲ್ಲಕ್ಕಿಂತ ನೋವಿನ ಪ್ರಶ್ನೆ ದಿನಗೂಲಿಯವರದು. ಕಾಗದದ ಕೊರತೆ ಇಲ್ಲಿ ಹಕ್ಕಿನ ಕೊರತೆಯೇ ಆಗಿಬಿಡುತ್ತದೆ. 1996ರ ಪ್ರಭಾವತಿ ದೇವಿ ಪ್ರಕರಣದಲ್ಲಿ ಬದಲಿ ನೌಕರನಾಗಿ ತಾತ್ಕಾಲಿಕ ಸ್ಥಾನಮಾನ ಪಡೆದವನ ವಿಧವೆಗೆ ಕುಟುಂಬ ಪಿಂಚಣಿ ದೊರೆಯಿತು. ಮರುವರ್ಷವೇ ರಬಿಯಾ ಬಿಕಾನೇರ್ ಪ್ರಕರಣದಲ್ಲಿ, ಖಾಯಂ ಆಗದೆ ಸತ್ತ ದಿನಗೂಲಿಯವನ ವಿಧವೆಗೆ ಅದು ಇಲ್ಲವೆಂದಾಯಿತು. ಒಂದೇ ಹಳಿಯ ಮೇಲೆ ಒಂದೇ ಬಿಸಿಲಲ್ಲಿ ಕೆಲಸ ಮಾಡಿದ ಇಬ್ಬರ ಹೆಂಡಿರ ಮುಪ್ಪನ್ನು ‘ಬದಲಿ’ ಮತ್ತು ‘ದಿನಗೂಲಿ’ ಎಂಬ ಹಾಜರಿ ಪುಸ್ತಕದ ವರ್ಗೀಕರಣ ಬೇರ್ಪಡಿಸುತ್ತದೆ. ಈ ಎರಡು ತೀರ್ಪುಗಳ ನಡುವಿನ ತರ್ಕ ಕಾನೂನಿಗೆ ಹೊಂದುತ್ತದೆ. ನ್ಯಾಯಕ್ಕೆ ಹೊಂದುತ್ತದೆಂದು ನನಗನಿಸುವುದಿಲ್ಲ.

ರೈಲ್ವೆಯ ಆಚೆಗೂ ಗಡಿ ದಾಟುವ ಪಿಂಚಣಿಗಳಿವೆ. ಕರ್ನಾಟಕ ಸರ್ಕಾರದಲ್ಲಿ ದುಡಿದು ಊರಿಗೆ ಮರಳಿದವರ ಪಿಂಚಣಿಯನ್ನು ಬೆಂಗಳೂರಿನ ಮಹಾಲೇಖಪಾಲರು ವಿಶೇಷ ಮುದ್ರೆಯ ಅಧಿಕಾರಪತ್ರದ ಮೂಲಕ ಚೆನ್ನೈಗೆ ಕಳಿಸಬಹುದು. ಬೆಂಗಳೂರಿನ ಕಾರ್ಖಾನೆಗಳಲ್ಲಿ ದುಡಿದವರದು 1995ರ ನೌಕರರ ಪಿಂಚಣಿ ಯೋಜನೆ: ಪಿಂಚಣಿ ಪಡೆಯುತ್ತಿದ್ದವನು ಸತ್ತರೆ ಹೆಂಡತಿಗೆ ಅದರ ಅರ್ಧ, ಕನಿಷ್ಠ 1,000 ರೂಪಾಯಿ. 2014ರಲ್ಲಿ ನಿಗದಿಯಾದ ಆ ಸಾವಿರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಕೊನೆಗೆ ಭಾಷೆ. ಸಂವಿಧಾನದ 350ನೆಯ ವಿಧಿಯಂತೆ, ತನ್ನ ಅಹವಾಲನ್ನು ಯಾರೇ ಆಗಲಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಧರ್ಮಪುರಿಯಲ್ಲಿ ಕನ್ನಡ ಬಳಕೆಯಲ್ಲಿದೆ ಎಂಬುದಕ್ಕೆ ಸಾಕ್ಷಿ ಹುಡುಕಬೇಕಿಲ್ಲ. ಹಾಗಾಗಿ ಶಿವಾಡಿಯ ವಿಧವೆ ಬೆಂಗಳೂರು ವಿಭಾಗಕ್ಕೂ ನಲ್ಲಂಪಳ್ಳಿಯ ತಹಶೀಲ್ದಾರರಿಗೂ ಕನ್ನಡದಲ್ಲೇ ದೂರು ಬರೆಯಬಹುದು. ಆದರೆ ಆ ವಿಧಿ ಮಾತಾಡುವುದು ಸಲ್ಲಿಸುವ ಭಾಷೆಯ ಬಗ್ಗೆ ಮಾತ್ರ. ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂದು ಅದು ಹೇಳುವುದಿಲ್ಲ. ಪಿಪಿಒದಲ್ಲಿ ಅವಳ ಹೆಸರನ್ನು ಅವಳು ಓದಬಲ್ಲ ಲಿಪಿಯಲ್ಲಿ ಬರೆಯಬೇಕೆಂದೂ ಅಲ್ಲಿಲ್ಲ.